ಸತ್ತಿರುವುದು ಯಾವುದು, ಬದುಕಿರುವುದು ಯಾವುದು?

ಶಿಡ್ಲಘಟ್ಟದ ಲೇಖಕರಿಗೆ, ನಮಸ್ಕಾರ.

‘ವಿಶ್ವ ವ್ಯಾಪಾರ ಸಂಸ್ಥೆ ಸತ್ತಿತು, ನಮ್ಮ ರೇಷ್ಮೆಯೂ ಸಾಯುತ್ತಿದೆ’ ಎಂಬ ನಿಮ್ಮ ಲೇಖನವನ್ನು ಈಗಿರುವಂತೆ ಹಾಕಲಾರೆವು. ರೇಷ್ಮೆಗೂಡಿನ ಹರಾಜು, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳ ಬವಣೆ ಬರೆದ ಭಾಗ ಗಟ್ಟಿಯಾಗಿದೆ, ಅದನ್ನು ಮುಟ್ಟಬೇಡಿ. ಎಡವಿರುವುದು ಕಾನೂನಿನ ಭಾಗದಲ್ಲಿ.

ಸಂಸ್ಥೆ ಸತ್ತಿಲ್ಲ, ದೇಶಗಳ ವ್ಯಾಪಾರ ವ್ಯಾಜ್ಯದ ತೀರ್ಪನ್ನು ಮತ್ತೆ ಪರಿಶೀಲಿಸುವ ಅದರ ಮೇಲ್ಮನವಿ ಮಂಡಳಿ ನಿಂತುಹೋಗಿದೆ. ಮಂಡಳಿಯಲ್ಲಿ ಏಳು ಜನ ಇರಬೇಕು, ಒಂದೊಂದು ಮೇಲ್ಮನವಿ ಕೇಳಲು ಮೂವರು ಬೇಕೇ ಬೇಕು. ನೇಮಕಕ್ಕೆ ಎಲ್ಲ ದೇಶಗಳ ಒಮ್ಮತ ಬೇಕಾದ್ದರಿಂದ ಅಮೆರಿಕ ಒಂದೇ ತಡೆದರೂ ಸಾಕಾಯಿತು. 2019ರ ಡಿಸೆಂಬರ್ 11ಕ್ಕೆ ಒಬ್ಬರೇ ಉಳಿದರು. ಮರುವರ್ಷ ನವೆಂಬರ್‌ನಲ್ಲಿ ಅವರ ಅವಧಿಯೂ ಮುಗಿಯಿತು. ನೀವು ಇದೆಲ್ಲವನ್ನೂ ಟ್ರಂಪ್ ತಲೆಗೆ ಕಟ್ಟಿದ್ದೀರಿ. ಆದರೆ ಮಂಡಳಿಯ ಕೊರಿಯಾ ಸದಸ್ಯರ ಮರುನೇಮಕವನ್ನು 2016ರಲ್ಲಿ ತಡೆದದ್ದು ಒಬಾಮ ಆಡಳಿತ.

ಮೊದಲ ಹಂತದ ಸಮಿತಿಗಳು ಈಗಲೂ ತೀರ್ಪು ಕೊಡುತ್ತವೆ. ಸೋತವರು ಮೇಲ್ಮನವಿ ಹಾಕಿದರೆ ಕೇಳುವವರಿಲ್ಲದೆ ತೀರ್ಪು ಅಂಗೀಕಾರವಾಗುವುದಿಲ್ಲ, ಅಷ್ಟೇ. ಭಾರತವೂ ಈ ದಾರಿ ಹಿಡಿದಿದೆ: ಸಕ್ಕರೆ ಮತ್ತು ಕಬ್ಬಿಗೆ ಸರ್ಕಾರ ಕೊಡುವ ಬೆಂಬಲದ ವ್ಯಾಜ್ಯದಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಗಳು 2021ರ ಡಿಸೆಂಬರ್‌ನಲ್ಲಿ ಗೆದ್ದವು, ಕೂಡಲೇ ನಾವು ಮೇಲ್ಮನವಿ ಹಾಕಿದೆವು. ನಿಮ್ಮ ಲೇಖನದಲ್ಲಿ ಭಾರತ ಬರೀ ಬಲಿಪಶು. ಇದು ಓದುಗರಿಗೆ ಮಾಡುವ ಅನ್ಯಾಯ. ಐರೋಪ್ಯ ಒಕ್ಕೂಟ, ಚೀನಾ, ಬ್ರೆಜಿಲ್ ಮುಂತಾದವು 2020ರಲ್ಲಿ ತಮ್ಮೊಳಗೇ ಮೇಲ್ಮನವಿಗೆ ಪರ್ಯಾಯ ಪಂಚಾಯ್ತಿ ಮಾಡಿಕೊಂಡವು, ಭಾರತ ಸೇರಲಿಲ್ಲ. ಮುಂದೆ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಉಳಿಯುವುದು ಇಂಥ ಸಣ್ಣ ಗುಂಪುಗಳ ಒಪ್ಪಂದಗಳಿಂದಲೇ ಎಂಬುದು ನಮ್ಮ ಅಂದಾಜು.

2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಹಾಕಿದ ಶೇ. 50ರ ಸುಂಕವನ್ನು ಕಾನೂನು ಮುರಿದುಬಿದ್ದದ್ದಕ್ಕೆ ಸಾಕ್ಷಿ ಎಂದಿದ್ದೀರಿ. ನಿಯಮ ಮುರಿದದ್ದು ನಿಜ. ಆದರೆ ಅದೇ ವರ್ಷ ಸಂಸ್ಥೆ ಮಾಡಿದ ಲೆಕ್ಕದಲ್ಲಿ ಜಗತ್ತಿನ ಸುಮಾರು ಶೇ. 72 ಸರಕು ವ್ಯಾಪಾರ, ಎಲ್ಲ ಸದಸ್ಯ ದೇಶಗಳಿಗೂ ಒಂದೇ ಸುಂಕ ಎಂಬ ಸಂಸ್ಥೆಯ ಹಳೆಯ ನಿಯಮದಲ್ಲೇ ನಡೆದಿತ್ತು. ಎರಡನ್ನೂ ಪಕ್ಕಪಕ್ಕ ಇಡಿ.

ಇನ್ನು ರೇಷ್ಮೆ. ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿದ್ದು ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆ ಅಲ್ಲ, 2011ರ ಕೇಂದ್ರ ಬಜೆಟ್. 2013ರಲ್ಲಿ 15ಕ್ಕೆ ಏರಿಸಿದ್ದೂ ಬಜೆಟ್ಟೇ. ಚೀನಾ ನೂಲು ಅಗ್ಗದ ದರಕ್ಕೆ ಸುರಿಯುತ್ತಿದೆ ಎಂದಾದರೆ ಪರಿಹಾರ ಕೇಳುವ ಜಾಗ ದಿಲ್ಲಿಯ ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯ. ಅರ್ಜಿಗೆ ದೇಶದ ಉತ್ಪಾದನೆಯಲ್ಲಿ ಕನಿಷ್ಠ ಶೇ. 25 ಇರುವವರ ಬೆಂಬಲ ಬೇಕು, ವಿರೋಧಿಸುವವರಿಗಿಂತ ಬೆಂಬಲಿಸುವವರ ಪಾಲೂ ಹೆಚ್ಚಿರಬೇಕು. ಸರಕಿನ ಸಾಮಾನ್ಯ ಬೆಲೆಗೂ ರಫ್ತು ಬೆಲೆಗೂ ಇರುವ ವ್ಯತ್ಯಾಸ ರಫ್ತು ಬೆಲೆಯ ಶೇ. 2ಕ್ಕಿಂತ ಕಡಿಮೆಯಾದರೆ ಪ್ರಕರಣ ಬಿದ್ದುಹೋಗುತ್ತದೆ. ಸುರಿಮಾರಾಟ (ಡಂಪಿಂಗ್) ನಡೆದಿದೆ ಎಂದಷ್ಟೇ ತೋರಿಸಿದರೂ ಸಾಲದು, ಅದರಿಂದಲೇ ನಷ್ಟವಾಯಿತೆಂದು ಲೆಕ್ಕಪತ್ರದಿಂದ ತೋರಿಸಬೇಕು. ಚದುರಿರುವ ಸಣ್ಣ ರೀಲರ್‌ಗಳು ಸೋಲುವುದು ಇಲ್ಲೇ: ಹಲವು ವರ್ಷಗಳ ಉತ್ಪಾದನೆ, ವೆಚ್ಚ, ಮಾರಾಟದ ಪುಸ್ತಕ ಅನೇಕರ ಬಳಿ ಇರುವುದಿಲ್ಲ. ಎಲ್ಲ ದಾಟಿ ಶಿಫಾರಸು ಬಂದರೂ ಸುಂಕ ಹಾಕುವುದು ಹಣಕಾಸು ಸಚಿವಾಲಯ, ಅದು ಒಪ್ಪದೆಯೂ ಇರಬಹುದು. ಹಾಕಿದ ಸುಂಕ, ಮರುಪರಿಶೀಲನೆ ಆಗದಿದ್ದರೆ, ಐದು ವರ್ಷಕ್ಕೆ ಮುಗಿಯುತ್ತದೆ.

ನಿಮ್ಮ ಊರಲ್ಲೇ ಸಿಗುವ ಒಂದು ಸಂಗತಿ ಲೇಖನದಲ್ಲಿಲ್ಲ. ಇಬ್ಬರು ಮೂವರು ರೀಲರ್‌ಗಳನ್ನು ಕೇಳಿ, ಒಂದು ಕೆ.ಜಿ. ನೂಲಿಗೆ ಎಷ್ಟು ಗೂಡು, ಕೂಲಿ, ಸೌದೆ, ವಿದ್ಯುತ್ ಎಂದು ಬರೆದು, ಪಕ್ಕದಲ್ಲಿ ಅದೇ ತಿಂಗಳ ಚೀನಾ ನೂಲಿನ ಬೆಲೆ ಹಾಕಿ. ಹೆಸರು ಬೇಡ, ಅಂಕಿ ಸಾಕು. ‘ಸತ್ತಿತು’ ಎಂಬ ಶೀರ್ಷಿಕೆ ಬದಲಿಸಿ, ಮೇಲ್ಮನವಿಯ ಪ್ಯಾರಾ ಹೊಸದಾಗಿ ಬರೆದು ಮತ್ತೆ ಕಳಿಸಿ.