ಬಿಟ್ಟು ಮೂರು ವಾರವಾದರೂ ಈ ಮಂಕು ಯಾಕೆ?

ಪ್ರಶ್ನೆ: ನನ್ನ ತಮ್ಮನಿಗೆ 26. ಗೋವಾದಲ್ಲಿ ಕೆಲಸಕ್ಕಿದ್ದಾಗ ಬ್ರೌನ್ ಶುಗರ್ ಚಟ ಹತ್ತಿತು. ಮನೆಗೆ ಕರೆತಂದು ಬಿಡಿಸಿ ಮೂರು ವಾರವಾಯಿತು. ಮೈನೋವು, ಭೇದಿ ನಿಂತಿವೆ. ಆದರೆ ಮಾತಿಲ್ಲ, ನಿದ್ದೆಯಿಲ್ಲ, ಬಂಗಡೆ ಸಾರು ಮುಂದಿಟ್ಟರೂ ಕೈ ಹಾಕುವುದಿಲ್ಲ. ಇದು ಖಿನ್ನತೆಯೇ? ಅಮ್ಮನ ನಿದ್ದೆ ಮಾತ್ರೆ ಕೊಡಬಹುದೇ?
– ಹೆಸರು ಬೇಡ, ಕಾರವಾರ

ಉತ್ತರ: ಮಾತ್ರೆ ಖಂಡಿತ ಕೊಡಬೇಡಿ. ಅದು ಹೊಟ್ಟೆಯಲ್ಲಿದ್ದ ದಿನವೇ ಅವನು ಮತ್ತೆ ಸೇದಿಬಿಟ್ಟರೆ ಉಸಿರು ನಿಲ್ಲಬಹುದು.

ಬ್ರೌನ್ ಶುಗರ್ ಎಂದರೆ ಕಲಬೆರಕೆಯ ಹೆರಾಯಿನ್. ನೋವು ತಗ್ಗಿಸಿ ಹಿತ ಕೊಡುವ ರಾಸಾಯನಿಕಗಳು ಮಿದುಳಿನಲ್ಲೇ ಇವೆ. ಹೆರಾಯಿನ್ ಅವುಗಳ ಜಾಗದಲ್ಲಿ ಹೋಗಿ ಕೂರುತ್ತದೆ. ತಿಂಗಳುಗಟ್ಟಲೆ ಹೀಗಾದರೆ ಆ ಜಾಗಗಳು ಮೊಂಡಾಗುತ್ತವೆ. ಆಮೇಲೆ ಊಟ, ಹರಟೆ, ಕ್ರಿಕೆಟ್ ಯಾವುದೂ ರುಚಿಸುವುದಿಲ್ಲ. ಕೊನೆಯ ಸಲ ಸೇದಿದ 6–12 ಗಂಟೆಗೆ ಶುರುವಾಗುವ ಮೈನೋವು ವಾರದೊಳಗೆ ಇಳಿಯುತ್ತದೆ. ಮಂಕು, ನಿದ್ದೆಗೇಡು ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಎಳೆಯುತ್ತವೆ. ಖುಷಿಗೆಂದು ಶುರುಮಾಡಿದವನು ಕೊನೆಗೆ ಈ ಮಂಕು ಕಳೆಯಲೆಂದೇ ಸೇದುತ್ತಾನೆ. ಮನೆಯವರು ಮಾತ್ರ ಅದನ್ನು ಸೋಮಾರಿತನ ಎಂದು ಬೈಯುತ್ತಾರೆ!

ಚಟಕ್ಕೆ ಮುಂಚೆಯೇ ಅವನು ವಾರಗಟ್ಟಲೆ ಹೀಗೆ ಮುದುಡಿದ್ದುಂಟೇ? ಇದ್ದರೆ ಖಿನ್ನತೆ ಮೊದಲಿನಿಂದಲೂ ಇದ್ದಿರಬಹುದು. ಇಲ್ಲದಿದ್ದರೆ, ಬಿಟ್ಟು ಸುಮಾರು 4 ವಾರ ಕಳೆದರೂ ಮಂಕು ಹಾಗೇ ಇದೆಯೇ ಎಂದು ವೈದ್ಯರು ನೋಡುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ನಿದ್ದೆಯ ಗಂಟೆ, ಊಟ, ಮನಸ್ಸಿಗೆ 10ರಲ್ಲಿ ಎಷ್ಟು ಅಂಕ ಎಂದು ಅವನಿಂದಲೇ ಬರೆಸಿ. 'ಸಾಯಬೇಕು' ಎಂಬ ಮಾತು ಬಂದರೆ ಮಾತ್ರ 4 ವಾರ ಕಾಯುವ ಪ್ರಶ್ನೆಯೇ ಇಲ್ಲ: ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು.

ಈ ವಾರವೇ ನಿಮ್ಮೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಕ್ರಿಮ್ಸ್‌ನ ಮನೋವೈದ್ಯರಿಗೆ ತೋರಿಸಿ. ಕೊನೆಯ ಸಲ ಯಾವಾಗ ಸೇದಿದ್ದು ಎಂಬುದನ್ನು ಮುಚ್ಚಿಡಬೇಡಿ. ಮೈಯಲ್ಲಿ ಹೆರಾಯಿನ್ ಇರುವಾಗ ಅದರ ಪರಿಣಾಮ ತಡೆಯುವ ನಾಲ್ಟ್ರೆಕ್ಸೋನ್ ಎಂಬ ಔಷಧ ಕೊಟ್ಟರೆ ಇಳಿದ ಮೈನೋವೆಲ್ಲ ಒಮ್ಮೆಲೇ ಉಕ್ಕುತ್ತದೆ. ಅದನ್ನು ಶುರುಮಾಡುವ ಮುನ್ನ ಕನಿಷ್ಠ 7–10 ದಿನ ಹೆರಾಯಿನ್ ಸೇದದೆ ಇರಬೇಕು. ಸೇದುವ ಆಸೆ ಜೋರಾಗಿದ್ದರೆ ಆ ಆಸೆ ತಗ್ಗಿಸುವ ಬುಪ್ರೆನಾರ್ಫಿನ್ ಮಾತ್ರೆ ಬರೆದುಕೊಟ್ಟಾರು. ಅದು ನಾಲಿಗೆಯಡಿ ಪೂರ್ತಿ ಕರಗಬೇಕು. ಅಲ್ಲಿಯವರೆಗೆ ನೀರು, ಮಾತು ಎರಡೂ ಬೇಡ. ನುಂಗಿದರೆ ಹೆಚ್ಚಿನದು ವ್ಯರ್ಥ. ಖಿನ್ನತೆಯ ಮಾತ್ರೆಗಳು ಹಿಡಿಯಲು 2ರಿಂದ 6 ವಾರ ಬೇಕು, ನಾಲ್ಕನೇ ದಿನಕ್ಕೇ ನಿಲ್ಲಿಸಬೇಡಿ.

ಇನ್ನೊಂದು ಮಾತು ಅವನಿಗೇ ಹೇಳಿ. ಮೂರು ವಾರದಲ್ಲಿ ಮೈಯ ತಾಳಿಕೆ ಇಳಿದಿದೆ, ಹಳೆಯ ಅಳತೆಯೇ ಈಗ ಜೀವ ತೆಗೆಯಬಹುದು. ತುಟಿ ನೀಲಿಯಾಗಿ, ಉಸಿರು ನಿಧಾನವಾಗಿ, ಕರೆದರೂ ಏಳದಿದ್ದರೆ 108ಕ್ಕೆ ಕರೆ ಮಾಡಿ, ಮಗ್ಗುಲಿಗೆ ಹೊರಳಿಸಿ ಮಲಗಿಸಿ. ಆಂಬುಲೆನ್ಸ್ ಬರುವವರೆಗೆ ಒಬ್ಬನನ್ನೇ ಬಿಡಬೇಡಿ.