ಕಿಕ್ ಪದ ಬಿಡಿ, ಅದರ ಬಾಲ ನೋಡಿ

ಪಬ್‌ನಲ್ಲಿ ಆಫೀಸಿನವನು ‘ಕಿಕಿಂಗ್ ಆನ್?’ ಅಂತ ಕೇಳಿದ, ನನಗೆ ಫುಟ್‌ಬಾಲ್ ಬರುವುದಿಲ್ಲ ಅಂದೆ, ಎಲ್ಲರೂ ನಕ್ಕರು ಅಂತ ಬರೆದಿದ್ದೀರಿ. ಮೆಲ್ಬರ್ನ್‌ಗೆ ಬಂದು ಎರಡೇ ತಿಂಗಳಲ್ವಾ, ಬೇಜಾರು ಬೇಡ. ಇಲ್ಲಿ ಮುಗಿಸಿ ಮುಂದಿನ ಪಬ್ಬಿಗೆ ಬರ್ತೀಯಾ ಅಥವಾ ಮನೆಗೆ ಹೋಗ್ತೀಯಾ ಅಂತ ಕೇಳಿದ್ದು ಅಷ್ಟೇ.

ನನ್ನದು ಇನ್ನೂ ದೊಡ್ಡ ಫಜೀತಿ. ಬಂದ ಹೊಸದರಲ್ಲಿ ಊರಿನ ಹಳೇ ಬೈಕಿನ ಕಥೆ ಹೇಳುತ್ತಾ, ದಿನಾ ಬೆಳಿಗ್ಗೆ ಹತ್ತು ಸಲ ಅದಕ್ಕೆ ಕಿಕ್ ಹೊಡೆಯುತ್ತಿದ್ದೆ ಅಂತ ನಮ್ಮ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಎದುರು ಕೂತವಳು ಕಾಫಿ ಕಪ್ ಕೆಳಗಿಟ್ಟು, ‘ಪಾಪ, ಅದೇನು ತಪ್ಪು ಮಾಡಿತ್ತು?’ ಅಂದಳು. ಕಿಕ್‌ಸ್ಟಾರ್ಟ್ ಅಂತ ಪೂರ್ತಿ ಹೇಳಬೇಕಿತ್ತು. ಬರೀ ಕಿಕ್ ಅಂದರೆ ಸಿಟ್ಟಲ್ಲಿ ಒದ್ದ ಹಾಗೆ.

ಹಾಗಾಗಿ ಪದಕ್ಕಿಂತ ಅದರ ಹಿಂದೆ ಬರುವ ಬಾಲ ಕೇಳಿಸಿಕೊಳ್ಳಿ. ಪನಡಾಲ್ ಕಿಕ್ ಇನ್ ಆಗಲು ಅರ್ಧ ಗಂಟೆ ಬೇಕು ಅಂದರೆ ಮಾತ್ರೆ ಕೆಲಸ ಶುರು ಮಾಡಲು ಅಷ್ಟು ಹೊತ್ತು ಬೇಕು ಅಂತ. ಅದೇ ಯಾರಾದರೂ ಲಕೋಟೆ ಹಿಡಿದು ಬಂದು ‘ಹತ್ತು ಡಾಲರ್ ಕಿಕ್ ಇನ್ ಮಾಡ್ತೀಯಾ’ ಅಂದರೆ, ಯಾರದೋ ಬೀಳ್ಕೊಡುಗೆಗೆ ಚಂದಾ ಎತ್ತುತ್ತಿದ್ದಾರೆ, ಸುಮ್ನೆ ಕೊಟ್ಟುಬಿಡಿ. ಭಾನುವಾರ ಕಿಕ್ ಬ್ಯಾಕ್ ಮಾಡಿದೆ ಅಂದರೆ ಕಾಲು ಚಾಚಿ ಆರಾಮಾಗಿದ್ದೆ ಅಂತ. ಆದರೆ ಕಿಕ್‌ಬ್ಯಾಕ್ ಅಂತ ಒಂದೇ ಪದವಾದರೆ ಲಂಚ, ಅದು ಬೊಫೋರ್ಸ್ ಸುದ್ದಿಯ ಕಾಲದಿಂದ ನಮಗೂ ಗೊತ್ತು. ಮೀಟಿಂಗ್ ಕಿಕ್ ಆಫ್ ಆದರೆ ಶುರುವಾಯಿತು, ಬಾರಿನಲ್ಲಿ ಕಿಕ್ ಆಫ್ ಆದರೆ ಜಗಳ ಶುರುವಾಯಿತು, ಜಾಗ ಖಾಲಿ ಮಾಡಿ.

ಕಿಕ್ ದ ಬಕೆಟ್ ಅಂದರೆ ನಮ್ಮ ‘ಗೊಟಕ್ ಅಂದ’. 1785ರ ಇಂಗ್ಲಿಷ್ ಆಡುಮಾತಿನ ನಿಘಂಟಿನಲ್ಲೇ ಇದೆ, ಬಕೆಟ್ ಲಿಸ್ಟ್, ಅಂದರೆ ಸಾಯೋದರೊಳಗೆ ಮಾಡಬೇಕಾದ ಆಸೆಗಳ ಪಟ್ಟಿ, ಹುಟ್ಟಿದ್ದೂ ಅದರಿಂದಲೇ. (ನಮ್ಮೂರಲ್ಲಿ ಬಕೆಟ್ ಹಿಡಿಯುವವರು ಬೇರೆ ಜಾತಿ, ಅವರು ಎಲ್ಲಾ ಆಫೀಸಿನಲ್ಲೂ ಚೆನ್ನಾಗಿ ಬದುಕುತ್ತಾರೆ.)

ಇದೆಂಥಾ ಭಾಷೆ ಅಂತ ಕೇಳಿದ್ದೀರಲ್ಲ, ನಮ್ಮ ‘ಹೊಡೆ’ ನೋಡಿ. ಹರಟೆ ಹೊಡೆಯುತ್ತೇವೆ, ಗೊರಕೆ ಹೊಡೆಯುತ್ತೇವೆ, ಲಾಟರಿ ಹೊಡೆಯುತ್ತದೆ, ಬಿಸಿಲು ಹೊಡೆಯುತ್ತದೆ, ಮಗ್ಗಿ ಬಾಯಿಪಾಠ ಹೊಡೆಯುತ್ತೇವೆ. ಇದರಲ್ಲಿ ಯಾರಿಗೂ ಏಟು ಬೀಳಲ್ಲ. ಕನ್ನಡ ಕಲಿಯುವ ಇಲ್ಲಿನವನೊಬ್ಬನಿಗೆ ಇದನ್ನು ವಿವರಿಸಲು ಹೋಗಿ ನಾನೇ ಸುಸ್ತಾಗಿದ್ದೇನೆ.

ಇನ್ನು, ಪಾರ್ಕಿನಲ್ಲಿ ‘ಕಿಕ್-ಟು-ಕಿಕ್’ಗೆ ಕರೆದರೆ ಅದು ನಿಜವಾಗಿಯೂ ಫುಟ್‌ಬಾಲೇ, ಇಲ್ಲಿನ ಮೊಟ್ಟೆಯಾಕಾರದ ಚೆಂಡಿನದು. ಒಬ್ಬರಿಗೊಬ್ಬರು ಒದ್ದು ಹಿಡಿಯುವುದು, ಅಷ್ಟೇ. ಬರದಿದ್ದರೂ ಹೋಗಿ, ಆದರೆ ಜಾರದ ಶೂ ಹಾಕಿಕೊಳ್ಳಿ, ಜುಲೈನಲ್ಲಿ ಹುಲ್ಲು ತುಂಬಾ ಒದ್ದೆ.