ನೀಲಿ ಕಣ್ಣಿಗೆ ಮರುಳಾಗಿ ಮುಂಗಡ ಕೊಡುವ ಮುನ್ನ

ಈ ಸಲದ ಪತ್ರಗಳಲ್ಲೂ ಹಸ್ಕಿ ತಳಿಯ ನಾಯಿಮರಿಯದ್ದೇ ಕಾರುಬಾರು. ಹೆಚ್ಚಿನವರು ಮರಿ ಮನೆಗೆ ಬಂದ ಮೇಲೆ ಕೇಳುತ್ತಾರೆ. ಒಬ್ಬರು ಮುಂಗಡ ಕೊಡುವ ಮೊದಲೇ ಕೇಳಿದ್ದಾರೆ. ಆದ್ದರಿಂದ ಹೆಚ್ಚಿನ ಜಾಗ ಅವರಿಗೆ.

ಪ್ರಶ್ನೆ: ಬ್ರೀಡರ್ (ನಾಯಿ ತಳಿ ಬೆಳೆಸಿ ಮಾರುವವರು) ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಹಸ್ಕಿ ಮರಿಯ ವಿಡಿಯೊ ಕಳಿಸಿದ್ದಾರೆ. 35 ದಿನದ ಮರಿ, ನೀಲಿ ಕಣ್ಣು, ‘ಉಲ್ಲಿ ಕೋಟ್’ (ಉಣ್ಣೆಯಂಥ ಉದ್ದ ಕೂದಲು). ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಪತ್ರವಿದೆ, ಲಸಿಕೆಯೂ ಆಗಿದೆಯಂತೆ. ಅರ್ಧ ಹಣ ಮುಂಗಡ ಕೊಟ್ಟರೆ ಮನೆಗೇ ತಲುಪಿಸುತ್ತಾರಂತೆ. ತೆಗೆದುಕೊಳ್ಳಬಹುದೇ? (ಓದುಗರು, ಯಲಹಂಕ)

ಉತ್ತರ: ಬೇಡ. ಅವರು ಹೆಮ್ಮೆಯಿಂದ ಹೇಳಿದ ಒಂದೊಂದು ಮಾತೂ ಬೇಡ ಎನ್ನಲು ಒಂದೊಂದು ಕಾರಣ.

ಮೊದಲು ವಯಸ್ಸು. ನಾಯಿ ತಳಿ ಸಂವರ್ಧನೆ ಮತ್ತು ಮಾರಾಟಕ್ಕೆ 2017ರಲ್ಲಿ ನಿಯಮಗಳು ಬಂದಿವೆ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಮಾರುವ ಮೊದಲು ಮರಿಗೆ ಗುರುತಿನ ಮೈಕ್ರೋಚಿಪ್ ಹಾಕಿಸಿರಬೇಕು. ಆದರೂ ಐದನೇ ವಾರಕ್ಕೇ ಸಾಗಹಾಕುವ ಆತುರ ಏಕೆಂದರೆ, ಹತ್ತಿಯುಂಡೆಯಂತೆ ಕಾಣುವುದು ಆಗಲೇ. ಅಲ್ಲಿಂದ ಮುಂದೆ ಹೊಟ್ಟೆ ದೊಡ್ಡದಾಗುತ್ತದೆ, ಖರ್ಚು ಬೆಳೆಯುತ್ತದೆ. ಒಡಹುಟ್ಟಿದ ಮರಿ ಕುಂಯ್ ಎಂದಾಗ ಹಲ್ಲು ಸಡಿಲಿಸಬೇಕೆಂಬ ಪಾಠವನ್ನು ಮರಿಗಳು ಕಲಿಯುವುದೂ ಇದೇ ವಾರಗಳಲ್ಲಿ. ಆ ಪಾಠ ತಪ್ಪಿಸಿಕೊಂಡ ಮರಿಯ ಮಾಲೀಕರು ಆರು ತಿಂಗಳ ನಂತರ ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು, ‘ಹಸ್ಕಿ ಕಚ್ಚುವ ಜಾತಿಯೇ ಡಾಕ್ಟರೇ?’ ಎಂದು ನನ್ನನ್ನೇ ಕೇಳುತ್ತಾರೆ.

ಇನ್ನು ಲಸಿಕೆ. ಆ ವಯಸ್ಸಿನಲ್ಲಿ ತಾಯಿಯಿಂದ ಬಂದ ರೋಗನಿರೋಧಕ ಅಂಶಗಳೇ ಲಸಿಕೆಯನ್ನು ನಿಷ್ಫಲ ಮಾಡಬಲ್ಲವು. ಅದೂ ಚುಚ್ಚಿದವರು ಯಾರು? ಪುಸ್ತಕದಲ್ಲಿ ಪಶುವೈದ್ಯರ ಸಹಿ, ನೋಂದಣಿ ಸಂಖ್ಯೆ ಇಲ್ಲದಿದ್ದರೆ ಅಲ್ಲಿರುವುದು ಬರೀ ಸ್ಟಿಕ್ಕರ್. ಬಿಸಿಲಲ್ಲಿ ಬೈಕಿನ ಡಬ್ಬಿಯಲ್ಲಿ ಬಂದ ಲಸಿಕೆಯನ್ನು ಅಂಗಡಿಯ ಹುಡುಗನೇ ಚುಚ್ಚಿದ ಮರಿಗಳನ್ನು ನೋಡಿ ನನಗೆ ಸಾಕಾಗಿದೆ. ಮನೆಗೆ ಬಂದ ಮೂರನೇ ದಿನಕ್ಕೆ ರಕ್ತಭೇದಿ. ಪಾರ್ವೊ (ಮರಿಗಳ ಕರುಳು ಹಾಳುಮಾಡುವ ವೈರಸ್) ಸೋಂಕು ತಗುಲಿ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಮೂರು ದಿನದಿಂದ ಒಂದು ವಾರ ಬೇಕು. ಅಂದರೆ ರೋಗ ಬಂದದ್ದು ಬಹುತೇಕ ಮಾರಿದವನ ಮನೆಯಿಂದಲೇ. ಅವನು ಮಾತ್ರ, ‘ನಿಮ್ಮ ಮನೆಯ ನೀರು ಆಗಿಬರಲಿಲ್ಲ’ ಎನ್ನುತ್ತಾನೆ.

‘ಉಲ್ಲಿ ಕೋಟ್’ ಎಂಬ ಮಾತು ಕೇಳಿದರೆ ನನ್ನ ರಕ್ತದೊತ್ತಡ ಏರುತ್ತದೆ. ಹಸ್ಕಿಗೆ ಇರಬೇಕಾದದ್ದು ಮಧ್ಯಮ ಉದ್ದದ ಎರಡು ಪದರದ ತುಪ್ಪಳ. ಜೋಲುವ ಉದ್ದ ಕೂದಲನ್ನು ತಳಿಯ ಮಾನದಂಡವೇ ದೋಷ ಎನ್ನುತ್ತದೆ. ದೋಷಕ್ಕೆ ನಮ್ಮಲ್ಲಿ ಹೆಚ್ಚಿನ ಬೆಲೆ! ಉಣ್ಣೆ ನೋಡಿ ದರ ಕಟ್ಟಲು ಇದೇನು ಕುರಿಯೇ?

ನೀಲಿ, ಕಂದು, ಒಂದೊಂದು ಕಣ್ಣು ಒಂದೊಂದು ಬಣ್ಣ, ಎಲ್ಲವೂ ಈ ತಳಿಯಲ್ಲಿ ಸಹಜ. ನೋಡಬೇಕಾದದ್ದು ಬಣ್ಣದ ಹಿಂದೆ ಇರುವುದನ್ನು. ಹಸ್ಕಿಗಳಲ್ಲಿ ವಂಶಪಾರಂಪರ್ಯವಾಗಿ ಬರುವ ಕಣ್ಣಿನ ಪೊರೆ ಎಳೆಯ ವಯಸ್ಸಿನಲ್ಲೇ ಕಾಣಿಸಬಹುದು. ಅಕ್ಷಿಪಟಲ ಕ್ಷೀಣಿಸುವ ಕಾಯಿಲೆಯೂ ಉಂಟು. ಮರಿಯ ಕಣ್ಣು ನೋಡಿ ಇದನ್ನು ಹೇಳಲಾಗದು. ಆದ್ದರಿಂದ ತಂದೆತಾಯಿಯ ಕಣ್ಣನ್ನು ಪ್ರಾಣಿಗಳ ನೇತ್ರತಜ್ಞರು ಪರೀಕ್ಷಿಸಿದ್ದಾರೆಯೇ, ಯಾವಾಗ, ವರದಿ ಎಲ್ಲಿ ಎಂದು ಕೇಳಿ. ಸೊಂಟದ ಕೀಲಿನ ಎಕ್ಸ್‌ರೇ ಇದ್ದರೆ ಅದನ್ನೂ ಕೇಳಿ. ‘ನಮ್ಮ ನಾಯಿಗೆ ಏನೂ ಆಗಿಲ್ಲ ಸಾರ್’ ಎಂಬ ಉತ್ತರ ಬಂದರೆ ನಮಸ್ಕಾರ ಹೇಳಿ ಹೊರಡಿ.

ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವ ಪತ್ರ ಗೋತ್ರ ತಿಳಿಸುತ್ತದೆ, ಆರೋಗ್ಯವನ್ನಲ್ಲ. ಆದರೂ ಕಣ್ಣಾಡಿಸಿ. ತಾಯಿಯ ಜನ್ಮದಿನಾಂಕದಿಂದ ಲೆಕ್ಕ ಹಾಕಿ; ಹದಿನೆಂಟು ತಿಂಗಳಿಗೆ ಮೊದಲು ಗರ್ಭ ಕಟ್ಟಿಸಿದ್ದರೆ ಅದು ನಿಯಮಬಾಹಿರ. ತಂದೆಯ ಕಡೆಗೂ ತಾಯಿಯ ಕಡೆಗೂ ಅದೇ ಹೆಸರುಗಳು ಬರುತ್ತಿವೆಯೇ ನೋಡಿ. ವಾಣಿಜ್ಯ ಸಂವರ್ಧನೆಗೆಂದು ನಾಯಿ ಆಮದು ಮಾಡಿಕೊಳ್ಳುವುದನ್ನು 2016ರಲ್ಲಿ ಕೇಂದ್ರ ನಿಷೇಧಿಸಿತ್ತು. ಇರುವ ನಾಯಿಗಳಲ್ಲೇ ಸಂಬಂಧ ಬೆಳೆಸುತ್ತ ಹೋದರೆ ಅಜ್ಜನೇ ಅಪ್ಪನೂ ಆಗಿರುವ ಮರಿ ನಿಮ್ಮ ಪಾಲಿಗೆ ಬರಬಹುದು.

ಖುದ್ದಾಗಿ ಹೋಗಿ. ತಂದೆ ಬೇರೆ ಊರಿನಲ್ಲಿದ್ದರೆ ತಪ್ಪೇನಿಲ್ಲ, ತಾಯಿ ಮಾತ್ರ ಮರಿಗಳ ಜೊತೆ ಇರಲೇಬೇಕು. ಹಾಲೂಡಿಸಿ ಸೊರಗಿ, ಕೂದಲುದುರಿಸಿಕೊಂಡಿದ್ದರೆ ಗಾಬರಿ ಬೇಡ. ಜನರನ್ನು ಕಂಡು ಮೂಲೆ ಹಿಡಿಯುವ ತಾಯಿಯಾದರೆ ಮರಿ ಎಷ್ಟು ಚೆಂದವಿದ್ದರೂ ಬಿಡಿ. ಒಂದೇ ದಿನ ಎರಡು ಕಡೆ ಹೋಗಬೇಡಿ. ನಿಮ್ಮ ಚಪ್ಪಲಿಯಲ್ಲೇ ಪಾರ್ವೊ ಪ್ರಯಾಣ ಮಾಡುತ್ತದೆ, ಅದು ಫಿನಾಯಿಲಿಗೆ ಬಗ್ಗುವಂಥದ್ದಲ್ಲ.

ಒಳ್ಳೆಯ ಬ್ರೀಡರ್ ನಿಮಗಿಂತ ಹೆಚ್ಚು ಪ್ರಶ್ನೆ ಕೇಳುತ್ತಾರೆ. ಹಗಲು ಮನೆಯಲ್ಲಿ ಯಾರಿರುತ್ತಾರೆ, ಕಾಂಪೌಂಡ್ ಎಷ್ಟು ಎತ್ತರ, ಬೆಳಿಗ್ಗೆ ಐದಕ್ಕೆ ಓಡಿಸುವವರು ಯಾರು, ಸಾಕಲಾಗದಿದ್ದರೆ ನಮಗೇ ಹಿಂದಿರುಗಿಸುತ್ತೀರಾ ಎಂದು. ನಾನು ಕಳಿಸಿದ ದಂಪತಿಗೆ ಒಬ್ಬ ಮಹಿಳೆ, ‘ಇಬ್ಬರೂ ಎಂಟಕ್ಕೇ ಕೆಲಸಕ್ಕೆ ಹೊರಡುತ್ತೀರಿ, ಮರಿ ಕೊಡುವುದಿಲ್ಲ’ ಎಂದರು. ದಂಪತಿ ನನ್ನ ಮೇಲೆ ಸಿಟ್ಟಾದರು. ಅಂದಿನಿಂದ ಆಕೆಯ ವಿಳಾಸವನ್ನು ಇನ್ನಷ್ಟು ಧೈರ್ಯದಿಂದ ಕೊಡುತ್ತಿದ್ದೇನೆ.

ಇನ್ನುಳಿದವು:

ಕಲಬುರಗಿಯಲ್ಲಿದ್ದೇವೆ, ಎಸಿ ಇದೆ, ಹಸ್ಕಿ ಸಾಕಬಹುದೇ? ಸೈಬೀರಿಯಾದ ಹಿಮದಲ್ಲಿ ಚುಕ್ಚಿ ಜನರ ಗಾಡಿ ಎಳೆದ ನಾಯಿ ಇದು. ಏಪ್ರಿಲ್‌ನಲ್ಲಿ ಕರೆಂಟ್ ಹೋದಾಗ ಏನು ಮಾಡುತ್ತೀರಿ? ಬೇಡ.

ಬೇಸಿಗೆಯಲ್ಲಿ ಬೋಳಿಸಬಹುದೇ? ಕತ್ತರಿ ಕೆಳಗಿಡಿ, ಬಾಚಣಿಗೆ ಹಿಡಿಯಿರಿ.

ಮನೆ ಕಾಯುತ್ತದೆಯೇ? ಕಳ್ಳನಿಗೂ ಬಾಲ ಅಲ್ಲಾಡಿಸುತ್ತದೆ.

‘ಮರ್ಲ್’ ಬಣ್ಣದ (ಮಸುಕು ಮೈಮೇಲೆ ಗಾಢ ಮಚ್ಚೆ) ಅಪರೂಪದ ಹಸ್ಕಿ ಸಿಕ್ಕಿದೆ. ಶುದ್ಧ ಹಸ್ಕಿಯಲ್ಲಿ ಆ ಬಣ್ಣವೇ ಇಲ್ಲ. ಅಪರೂಪದ ಮಿಶ್ರತಳಿಗೆ ಅಭಿನಂದನೆ.

ನಿಷೇಧಿತ ತಳಿಯೇ? 2024ರ ಕೇಂದ್ರದ ಸುತ್ತೋಲೆಯ ಪಟ್ಟಿಯಲ್ಲಿ ಹಸ್ಕಿ ಇರಲಿಲ್ಲ. ಆ ಸುತ್ತೋಲೆಯನ್ನೇ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು.

ಮರಿ ತಂದು ನಾಲ್ಕು ದಿನ, ವಾಂತಿ ಮಾಡುತ್ತಿದೆ, ಮನೆಮದ್ದು ತಿಳಿಸಿ. ಇದು ಪತ್ರ ಬರೆದು ಕಾಯುವ ಕಾಯಿಲೆಯಲ್ಲ. ಎಳನೀರು, ಜೀರಿಗೆ ಕಷಾಯ ಏನೂ ಕುಡಿಸಬೇಡಿ. ಇಂಥ ಮರಿ ಇನ್ನಾರ ಮನೆಯಲ್ಲಾದರೂ ಇದ್ದರೆ, ಓದುತ್ತ ಕೂರದೆ ಡ್ರಿಪ್ ಹಾಕುವ ಪಶು ಆಸ್ಪತ್ರೆಗೆ ಈಗಲೇ ಹೊರಡಿ.